ದಿಂಬಿನ ಕಾಗದ

ಲಕೋಟೆಯ ಬಾಯನ್ನು ಮೇಷ್ಟ್ರು ಬೆರಳಿನಿಂದಲೇ ಹರಿದರು. ಹಾಗೆ ಹರಿಯಬಾರದು ಎಂದು ನೆನಪಾದದ್ದು ಹರಿದಾದ ಮೇಲೆ. ಆ ಮನೆಗೆ ಬಂದ ಕಾಗದಗಳನ್ನು ಮೂವತ್ತು ವರ್ಷ ಒಡೆದವಳು ಅವರ ಹೆಂಡತಿ. ಹಣ್ಣು ಹೆಚ್ಚುವ ಸಣ್ಣ ಚಾಕುವನ್ನು ಒರೆಸಿಕೊಂಡು ಬಂದು, ಕಿಟಕಿಯ ಬಳಿ ಕುಳಿತು, ಒಂದೇ ಎಳೆತಕ್ಕೆ ನೇರವಾಗಿ ಸೀಳುತ್ತಿದ್ದಳು. ಇವತ್ತಿನ ಲಕೋಟೆಯ ಮೇಲೆ ಇದ್ದದ್ದೂ ಅವಳ ಹೆಸರೇ. ಅವಳು ತೀರಿಕೊಂಡು ಎಂಟು ತಿಂಗಳಾಗಿತ್ತು.

ಕಾಗದ ಎಲ್ಲಿಂದ ಬಂದದ್ದೆಂದು ತಿಳಿಯಲು ಒಳಗೆ ನೋಡಬೇಕಾಗಿರಲಿಲ್ಲ. ಮಂಚ, ಹಾಸಿಗೆ, ದಿಂಬುಗಳನ್ನು ಮನೆಮನೆಗೆ ಕಾಗದ ಬರೆದು ಮಾರುವ ಕಂಪನಿಯೊಂದರಲ್ಲಿ ಅವರು ಇಪ್ಪತ್ತೊಂಬತ್ತು ವರ್ಷ ಆ ಕಾಗದಗಳನ್ನು ಬರೆದಿದ್ದರು. ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳಿದವರಲ್ಲ, ಆದರೂ ಅಲ್ಲಿ ಎಲ್ಲರಿಗೂ ಅವರು ಮೇಷ್ಟ್ರು. ಕಂಪನಿಯ ವಿಳಾಸದ ಪಟ್ಟಿಯಲ್ಲಿ ಹೆಂಡತಿಯ ಹೆಸರನ್ನು ಸೇರಿಸಿದವರೂ ಅವರೇ. ಆ ಕಸುಬಿನಲ್ಲಿ ಅದೊಂದು ರೂಢಿ. ಸಾವಿರಾರು ಗಿರಾಕಿಗಳ ಹೆಸರಿನ ನಡುವೆ ತಮ್ಮವರದೊಂದು ಹೆಸರು ತೂರಿಸಿಟ್ಟರೆ, ಕಾಗದ ಯಾವ ದಿನ ತಲುಪಿತು, ಮಡಿಕೆ ನೆಟ್ಟಗಿತ್ತೇ, ಮಸಿ ಅಂಟಿತ್ತೇ ಎಂಬುದೆಲ್ಲ ಗೊತ್ತಾಗುತ್ತದೆ. ಬೇರೆಯವರು ಭಾವಮೈದನ ಹೆಸರನ್ನೋ ಪಕ್ಕದ ಮನೆಯವರ ಹೆಸರನ್ನೋ ಹಾಕುತ್ತಿದ್ದರು. ಮೇಷ್ಟ್ರು ಹೆಂಡತಿಯ ಹೆಸರನ್ನು ಹಾಕಿದ್ದು ಇನ್ನೊಂದು ಕಾರಣಕ್ಕೂ ಹೌದು. ಏನು ಬರೆಯುತ್ತಿದ್ದೇನೆಂದು ಅವರು ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಕಾಗದ ಅಂಚೆಯಲ್ಲಿ ಬರಬೇಕು, ಅವಳು ಯಾರೋ ಗಿರಾಕಿಯಂತೆ ಒಡೆದು ಓದಬೇಕು. ಸಂಜೆ ಚಪ್ಪಲಿ ಬಿಡುತ್ತ ಅವರು "ಹೇಗಿದೆ?" ಎಂದು ಕೇಳುವರು. ಅವಳ ತೀರ್ಪು ಎರಡೇ ಬಗೆಯದು. ಒಂದು, "ಹೋಗುತ್ತೆ." ಇನ್ನೊಂದು, "ಇದನ್ನ ಬರೆದೋರು ಪಾಪ, ಊಟ ಮಾಡದೆ ಬರೆದಿದ್ದಾರೆ." ಎರಡನೆಯದು ಬಂದ ಕಾಗದದಿಂದ ಸರಕು ಯಾವತ್ತೂ ಹೋದದ್ದಿಲ್ಲ.

ಅವಳು ಹೋದ ಮೇಲೆ ಪಟ್ಟಿಯಿಂದ ಹೆಸರು ತೆಗೆಸಬೇಕಾಗಿತ್ತು. ತೆಗೆಸಿರಲಿಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಅಂಚೆಯವನು ಅವಳ ಹೆಸರು ಕೂಗುವುದನ್ನು ನಿಲ್ಲಿಸಲು ಅವರಿಗೆ ಮನಸ್ಸಾಗಿರಲಿಲ್ಲ.

ಅವರು ಕನ್ನಡಕ ಹಾಕಿಕೊಂಡು ಕಾಗದ ಬಿಡಿಸಿದರು. ತಲೆದಿಕ್ಕನ್ನು ಏರಿಸಲು ಇಳಿಸಲು ಬರುವ ರೋಗಿಗಳ ಮಂಚವೊಂದನ್ನು ಕಂಪನಿ ಹೊಸದಾಗಿ ಮಾಡಿತ್ತು.

"ಪ್ರಿಯರೇ, ಹೋದ ವರ್ಷ ನನ್ನ ಹೆಂಡತಿ ಹಾಸಿಗೆ ಹಿಡಿದಾಗ ನನ್ನನ್ನು ಕೇಳಿದ್ದು ಒಂದೇ ಒಂದು. ಔಷಧಿಯಲ್ಲ, ಹಣ್ಣಲ್ಲ. 'ರೀ, ತಲೆ ಸ್ವಲ್ಪ ಎತ್ತಿ, ಕಿಟಕಿ ಕಾಣಲಿ' ಎಂದಳು. ಎತ್ತಲು ಹೋದೆ. ನನಗೂ ವಯಸ್ಸಾಗಿದೆ. ನನ್ನಿಂದ ಆಗಲಿಲ್ಲ. ಅವಳು ಸೂರು ನೋಡುತ್ತಲೇ ಕಣ್ಣು ಮುಚ್ಚಿದಳು. ಕಿಟಕಿ ಮೂರೇ ಮೊಳ ದೂರದಲ್ಲಿತ್ತು."

ಕೆಳಗೆ ಸಹಿಯ ಜಾಗದಲ್ಲಿ 'ಇಂತಿ, ನಿಮ್ಮ ಮಂಚದ ಮನೆಯವ' ಎಂದಿತ್ತು. ಆ ಸಹಿಯನ್ನು ಕಂಪನಿಗೆ ಕಟ್ಟಿಕೊಟ್ಟವರೂ ಮೇಷ್ಟ್ರೇ. ಅದರ ಕೆಳಗೆ ತಾ.ಕ. ಕಾಗದದ ಮೈ ಓದದವರೂ ತಾಜಾ ಕಲಂ ಓದುತ್ತಾರೆ, ಅಲ್ಲಿ ಮನಸ್ಸಿನ ಮಾತಿಡು ಎಂದು ಹೇಳಿಕೊಟ್ಟವರೂ ಅವರೇ. ಅಲ್ಲಿ ಹೀಗಿತ್ತು: "ನಿಮ್ಮ ಮನೆಯಲ್ಲಿ ಯಾರು ಕಿಟಕಿ ನೋಡಬೇಕೆಂದಿದ್ದಾರೆ?"

ಮೇಷ್ಟ್ರು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡರು. ಗೋಡೆಯ ಗೂಡಿನಲ್ಲಿ ದೇವರ ಪಟದ ಮುಂದೆ ಬೆಳಗಿನ ದೀಪ ಇನ್ನೂ ಉರಿಯುತ್ತಿತ್ತು.

ಅವಳು ಕೇಳಿದ್ದು ನಿಜ. ಆ ಮಾತೇ, ಅದೇ ಕ್ರಮದಲ್ಲಿ. ಆದರೆ ಅವರು ಎತ್ತಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಅವಳ ಬೆನ್ನ ಹಿಂದೆ ಹತ್ತಿ ಕುಳಿತು, ಎಡತೋಳನ್ನು ಕೊಟ್ಟು ಎತ್ತಿ ಹಿಡಿದವರು ಐದರವರೆಗೆ ಕದಲಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಊರಿಗೆಲ್ಲ ಮಂಚ ಮಾರಿದವರ ಮನೆಯಲ್ಲಿ ತಲೆದಿಕ್ಕು ಏರುವ ಮಂಚ ಇರಲಿಲ್ಲ, ತೋಳಿತ್ತು. ಕಿಟಕಿಯಾಚೆ ಅಂಥದ್ದೇನೂ ಕಾಣುತ್ತಿರಲಿಲ್ಲ. ಎದುರು ಮನೆಯ ಹಿಂಗೋಡೆ, ನೀರಿನ ಟ್ಯಾಂಕು, ಒಂದು ತಂತಿಯ ಮೇಲೆ ಒಣಹಾಕಿದ ಬಟ್ಟೆ. ಅವಳು ಅದನ್ನೇ ನೋಡಿದಳು. ನಾಲ್ಕರ ಸುಮಾರಿಗೆ "ಎದುರು ಮನೆಯೋಳು ಬಟ್ಟೆ ತೆಗೀಲಿಲ್ಲ ನೋಡಿ, ಮೋಡ ಬಂದಿದೆ" ಎಂದಳು. ಅವಳ ಕೊನೆಯ ಮಾತು ಅದು.

ಇದನ್ನು ಅವರು ಇಬ್ಬರಿಗೆ ಮಾತ್ರ ಹೇಳಿದ್ದರು. ಒಬ್ಬ ದೇವರು. ಅವನು ಇನ್ನೊಬ್ಬರಿಗೆ ಹೇಳುವವನಲ್ಲ. ಇನ್ನೊಬ್ಬಳು ಇರುವೆ.

ಇರುವೆ ಎಂದು ಹೆಸರಿಟ್ಟವಳು ಹೆಂಡತಿಯೇ. ಹತ್ತು ವರ್ಷದ ಹಿಂದೆ ಮೇಷ್ಟ್ರ ಕೈಕೆಳಗೆ ಕಲಿಯಲು ಬಂದ ಆ ಹುಡುಗಿ ಯಾವತ್ತೂ ನೆಟ್ಟಗೆ ನಡೆದವಳಲ್ಲ. ಗೋಡೆಯಂಚಿಗೆ ಚುರುಚುರು ಓಡಾಡುವಳು. ಮನೆಗೆ ಬಂದರೆ ಕೈಯಲ್ಲಿ ಒಂದು ಹಣ್ಣೋ, ಒಂದು ಹೂವಿನ ಕುಂಡವೋ ಇರಲೇಬೇಕು. ಹೋಗುವಾಗ ಏನಾದರೂ ಕೇಳಿ ಒಯ್ಯಲೇಬೇಕು, ಹಳೆಯ ಪುಸ್ತಕ, ಗಿಡದ ಕಡ್ಡಿ, ಏನೂ ಇಲ್ಲದಿದ್ದರೆ ಖಾಲಿ ಡಬ್ಬಿ. "ಬರಿಗೈಲಿ ಬರೋಳಲ್ಲ, ಬರಿಗೈಲಿ ಹೋಗೋಳೂ ಅಲ್ಲ ಇವಳು, ಇರುವೆ ಜಾತಿ" ಎಂದು ಹೆಂಡತಿ ನಗುತ್ತಿದ್ದಳು. ಇರುವೆ ಅವಳನ್ನು ಅಮ್ಮ ಎಂದೇ ಕರೆದಳು. ಮಕ್ಕಳಿಲ್ಲದ ಮನೆಯಲ್ಲಿ ಆ ಕೂಗಿಗೆ ಹೆಂಡತಿ ಮೊದಮೊದಲು ಓಗೊಡುವುದಕ್ಕೆ ತಡವರಿಸುತ್ತಿದ್ದಳು, ಆಮೇಲೆ ಬಾಗಿಲ ಸದ್ದಿಗೇ ಎದ್ದು ಬರುತ್ತಿದ್ದಳು.

ಮೇಷ್ಟ್ರು ಅವಳಿಗೆ ಕಲಿಸಿದ್ದು ಹೆಚ್ಚೇನಲ್ಲ. ಸಾವಿರ ಜನಕ್ಕೆ ಬರೆಯಬೇಡ, ಒಬ್ಬರಿಗೆ ಬರೆ. ಆ ಒಬ್ಬರ ಮುಖ ಕಾಣುವವರೆಗೆ ಪೆನ್ನು ಮುಟ್ಟಬೇಡ. ಮೊದಲ ಸಾಲಿನಲ್ಲಿ ಕಂಪನಿಯ ಹೆಸರು ಹಾಕುವುದೆಂದರೆ ಹೊಸಲು ದಾಟುವ ಮುಂಚೆ ಜೇಬಿಗೆ ಕೈ ಹಾಕಿದ ಹಾಗೆ. ಬರೆದದ್ದನ್ನು ಗಟ್ಟಿಯಾಗಿ ಓದು, ನಾಲಿಗೆ ಎಡವಿದಲ್ಲಿ ಗಿರಾಕಿಯೂ ಎಡವುತ್ತಾನೆ. ಮನೆಯಲ್ಲಿ ನಡೆದದ್ದನ್ನೇ ಬರೆ, ನಡೆಯದ್ದು ಯಾರಿಗೂ ತಟ್ಟುವುದಿಲ್ಲ. ಪ್ರತಿ ಸಲ ಮಾದರಿಗೆಂದು ಅವರು ತೆಗೆಯುತ್ತಿದ್ದದ್ದು ಒಂದೇ ಕಾಗದ. ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ ಮಕ್ಕಳ ದಿಂಬಿಗಾಗಿ ಅವರೇ ಬರೆದದ್ದು. "ಮಗುವಿಗೆ ತಾಯಿಯ ಅಂಗೈಗಿಂತ ಒಳ್ಳೆಯ ದಿಂಬಿಲ್ಲ" ಎಂದು ಅದರ ಮೊದಲ ಸಾಲು. ಮುಳುಗುತ್ತಿದ್ದ ಕಂಪನಿಯನ್ನು ಎತ್ತಿದ್ದು ಆ ಕಾಗದ ಎಂದು ಹಳೆಯ ಯಜಮಾನರು ಸಾಯುವವರೆಗೂ ಹೇಳುತ್ತಿದ್ದರು. ಆಫೀಸಿನಲ್ಲಿ ಅದಕ್ಕೆ ದಿಂಬಿನ ಕಾಗದವೆಂದೇ ಹೆಸರು. ಎಲ್ಲಿಂದ ಬಂತು ಮೇಷ್ಟ್ರೇ ಆ ಸಾಲು ಎಂದು ಯಾರಾದರೂ ಕೇಳಿದರೆ ಅವರು "ಮನೆಯಿಂದ" ಎಂದು ಮಾತು ಬದಲಿಸುತ್ತಿದ್ದರು.

ಹೆಂಡತಿಯ ಕಾಯಿಲೆಗೆಂದು ಎರಡು ವರ್ಷದ ಹಿಂದೆ ಕೆಲಸ ಬಿಟ್ಟಾಗ ತಮ್ಮ ಕುರ್ಚಿಯನ್ನೂ ಕೆಂಪು ಪೆನ್ಸಿಲ್ಲನ್ನೂ ಅವರು ಇರುವೆಗೆ ಕೊಟ್ಟು ಬಂದಿದ್ದರು. ಹೆಂಡತಿ ಹೋದ ತಿಂಗಳೊಪ್ಪತ್ತಿನಲ್ಲಿ ಅವಳು ಹಣ್ಣಿನ ಚೀಲ ಹಿಡಿದು ಬಂದಳು. ಏನೂ ಕೇಳಲಿಲ್ಲ, ಸುಮ್ಮನೆ ಪಾತ್ರೆ ತೊಳೆದಿಟ್ಟಳು, ನೆಲ ಗುಡಿಸಿದಳು. ಆ ಸುಮ್ಮನಿರುವಿಕೆಗೇ ಮೇಷ್ಟ್ರ ಕಟ್ಟೆ ಒಡೆಯಿತು. ಕಿಟಕಿ, ತೋಳು, ತಂತಿಯ ಮೇಲಿನ ಬಟ್ಟೆ ಎಲ್ಲವನ್ನೂ ಹೇಳಿದರು. ಯಾರಿಗೂ ಹೇಳಬೇಡ ಎಂದು ಮಾತ್ರ ಹೇಳಲಿಲ್ಲ. ಮನೆಮಗಳಿಗೆ ಅದನ್ನು ಬೇರೆ ಹೇಳುತ್ತಾರೆಯೇ? ಆ ದಿನ ಇರುವೆ ಹೋಗುವಾಗ ಏನನ್ನೂ ಕೇಳಿ ಒಯ್ದಿರಲಿಲ್ಲ. ಬರಿಗೈಲಿ ಹೋದಳಲ್ಲ ಎಂದು ಅವರಿಗೆ ಆಗ ಅನ್ನಿಸಿತ್ತು.

ಮೇಷ್ಟ್ರು ಕಾಗದವನ್ನು ಮಡಿಸಿ ಲಕೋಟೆಗೆ ಸೇರಿಸಿ ಜೇಬಿಗಿಟ್ಟುಕೊಂಡು, ದೇವರಿಗೆ ಕೈ ಮುಗಿದು, ಕಂಪನಿಗೆ ಹೊರಟರು.

ಎರಡು ವರ್ಷದಲ್ಲಿ ಮೆಟ್ಟಿಲು ಹೆಚ್ಚಾಗಿರಲಿಲ್ಲ, ಆದರೂ ನಡುವೆ ಒಮ್ಮೆ ನಿಲ್ಲಬೇಕಾಯಿತು. ಮೊದಲ ಮಹಡಿಯಲ್ಲಿ ವಿಳಾಸದ ಪಟ್ಟಿ ನೋಡಿಕೊಳ್ಳುವವನು ಸಿಕ್ಕಿದ. ಮೇಷ್ಟ್ರ ಕಾಲದವನೇ, ಹೊಟ್ಟೆ ಮಾತ್ರ ಹೊಸದು. ಕುರ್ಚಿ ಎಳೆದು ಕೂರಿಸಿದ, ನೀರು ಕೊಟ್ಟ, ಮೊಣಕಾಲಿನ ಸಮಾಚಾರ ಕೇಳಿದ. ಆಮೇಲೆ ತಾನಾಗಿಯೇ ತಲೆ ಕೆರೆದುಕೊಂಡು ಹೇಳಿದ.

"ಅತ್ತಿಗೆ ಹೆಸರು ತೆಗೀಬೇಕಿತ್ತು ಮೇಷ್ಟ್ರೇ. ಸತ್ತೋರಿಗೆ ಸ್ಟಾಂಪ್ ದಂಡ ಅಂತ ಚಿಕ್ಕ ಯಜಮಾನ್ರು ಬೈತಾರೆ. ಆದ್ರೆ ನಿಮ್ಮ ಬಾಯಿಂದ ಬರ್ಲಿ ಅಂತ ಬಿಟ್ಟಿದ್ದೆ. ಈ ಸಲದ್ದು ಬಂತಾ? ನಿಮ್ಮ ಕಡೆ ಅಂಚೆ ಯಾವಾಗ್ಲೂ ತಡ."

ಇವತ್ತು ಬಂತು ಎಂದರು ಮೇಷ್ಟ್ರು.

"ಅಯ್ಯೋ ಏನು ಕಾಗದ ಅಂತೀರಿ. ಪರೀಕ್ಷೆಗೆ ಅಂತ ಎರಡೇ ಸಾವಿರ ಮನೆಗೆ ಕಳ್ಸಿದ್ದು. ಉತ್ತರಗಳು ಚೀಲದಲ್ಲಿ ಬರ್ತಿವೆ. ನಮ್ಮ ಮನೆಯೋಳು ಓದಿ ಅತ್ತುಬಿಟ್ಲು, ನಾನು ಮಲ್ಕೊಂಡ್ರೂ ಸಾಕು, ತಲೆ ಎತ್ಲಾ ಅಂತಾಳೆ. ಸೋಮವಾರ ನಲವತ್ತು ಸಾವಿರಕ್ಕೆ ಹೋಗುತ್ತೆ. ನಿಮ್ಮ ಶಿಷ್ಯೆ ಅಲ್ವಾ, ಎಲ್ಲಿಗೆ ಹೋಗ್ತಾಳೆ."

ಅದು ಯಾರ ಮನೆಯ ಮಾತೆಂದು ಅವನಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಹೇಳಲಿಲ್ಲ. ನೀರಿನ ಲೋಟ ಕೆಳಗಿಟ್ಟು ಮೇಲಿನ ಮಹಡಿಗೆ ಹತ್ತಿದರು.

ಇರುವೆ ಅವರ ಹಳೆಯ ಕುರ್ಚಿಯಲ್ಲಿ ಕುಳಿತಿದ್ದಳು. ಬಾಗಿಲಲ್ಲಿ ಅವರನ್ನು ಕಂಡು ಎದ್ದವಳು ಮುಂದೆ ಬರಲಿಲ್ಲ. ಅವರು ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಅವಳ ಕಣ್ಣು ಮೊದಲು ಹೋದದ್ದು ಹರಿದ ಲಕೋಟೆಯ ಮೇಲಿನ ಹೆಸರಿಗೆ. ಆ ಹೆಸರು ಪಟ್ಟಿಯಲ್ಲಿ ಇನ್ನೂ ಇದೆ ಎಂಬುದನ್ನು ಅವಳು ಮರೆತಿದ್ದಳು. ಮೇಷ್ಟ್ರು ಅದನ್ನು ಅವಳ ಮುಖದಲ್ಲೇ ಓದಿದರು. ಈ ಕಾಗದ ತಮ್ಮ ಮನೆಯೊಂದನ್ನು ಬಿಟ್ಟು ಉಳಿದೆಲ್ಲ ಮನೆಗೆ ಹೋಗುತ್ತದೆಂದು ಅವಳು ನಂಬಿಕೊಂಡಿದ್ದಳು.

ಅವಳು ಬಾಗಿಲು ಮುಂದೆ ಮಾಡಿ ಬಂದು, ಕುರ್ಚಿಯನ್ನು ಅವರಿಗೆ ಬಿಟ್ಟು, ತಾನು ಹಿಂದೆ ಶಿಷ್ಯೆಯಾಗಿ ಕುಳಿತುಕೊಳ್ಳುತ್ತಿದ್ದ ಸ್ಟೂಲಿನ ಮೇಲೆ ಕುಳಿತಳು. ಹೇಳುವುದನ್ನೆಲ್ಲ ಹೇಳಿದಳು. ಒಂದು ವರ್ಷದಲ್ಲಿ ಅವಳು ಬರೆದ ಮೂರು ಕಾಗದ ಮೂಲೆ ಸೇರಿದ್ದವು. ಇನ್ನು ಮುಂದೆ ಕಾಗದದ ಕೆಲಸವೇ ಬೇಡ, ಎಲ್ಲ ಫೋನಿನಲ್ಲೇ ಮುಗಿಸೋಣ ಎಂದು ಚಿಕ್ಕ ಯಜಮಾನರು ಗಡುವು ಕೊಟ್ಟಿದ್ದರು. ಮಡಿಸುವವರು, ಅಂಟಿಸುವವರು, ಪಟ್ಟಿಯವನು ಎಲ್ಲ ಸೇರಿ ಹನ್ನೊಂದು ಜನ ಅವಳ ಮುಖ ನೋಡುತ್ತಿದ್ದರು. ಮಂಚದ ಕಾಗದ ಬರೆಯಲು ಕುಳಿತಾಗ ಯಾವ ಗಿರಾಕಿಯ ಮುಖವೂ ಕಾಣಲಿಲ್ಲ. ಅಮ್ಮನ ಮುಖ ಕಂಡಿತು. ಒಂದೇ ಉಸಿರಿಗೆ ಬರೆದೆ, ಬರೆಯುವಾಗ ಅತ್ತುಬಿಟ್ಟೆ ಎಂದಳು.

"ಅತ್ತಿದ್ದಕ್ಕೆ ಸುಳ್ಳು ನಿಜ ಆಗಲ್ಲ" ಎಂದರು ಮೇಷ್ಟ್ರು. ಅವರ ದನಿ ಏರಿರಲಿಲ್ಲ. "ಕಿಟಕಿ ತಗೊಂಡೆ. ಹೋಗಲಿ. ನನ್ನ ತೋಳು ಯಾಕೆ ಬಿಟ್ಟೆ? ನಾಲ್ಕು ಗಂಟೆ ಹಿಡ್ಕೊಂಡಿದ್ದೆ ಅಂತ ನಿನ್ನ ಮುಂದೆ ಹೇಳ್ಲಿಲ್ವಾ?"

ಇರುವೆ ತಲೆ ತಗ್ಗಿಸಿ ಉಗುರು ನೋಡಿಕೊಂಡಳು. ಅವಳು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಾಗಿತ್ತು. ಹೇಳಲಿಲ್ಲ.

"ನೀವು ಎತ್ತಿದ್ರಿ ಅಂತ ಬರೆದ್ರೆ, ಮಂಚ ಯಾರು ತಗೋತಾರೆ ಮೇಷ್ಟ್ರೇ?"

ಕೆಳಗಿನ ಮಹಡಿಯಲ್ಲಿ ಮುದ್ರಣದ ಯಂತ್ರ ಓಡುವ ಸದ್ದು ನೆಲದಿಂದ ಕಾಲಿಗೆ ಬರುತ್ತಿತ್ತು. ಈ ಕೆಲಸದಲ್ಲಿ ಅದಕ್ಕಿಂತ ಸರಿಯಾದ ಉತ್ತರವಿಲ್ಲವೆಂದು ಅವರಿಗೂ ಗೊತ್ತಿತ್ತು. ಅದಕ್ಕೇ ಅದು ಹೆಚ್ಚು ಉರಿಯಿತು. ಮನೆಯಲ್ಲಿ ನಡೆದದ್ದನ್ನೇ ಬರೆ ಎಂದು ನಿನಗೆ ಹೇಳಿಕೊಟ್ಟಿರಲಿಲ್ಲವೇ, ಇದನ್ನು ಯಾರಿಂದ ಕಲಿತೆ, ನಿನ್ನನ್ನು ಮಗಳು ಅಂತ ಒಳಗೆ ಬಿಟ್ಟುಕೊಂಡವಳ ಸಾವನ್ನೇ ಬೀದಿಗೆ ಹಾಕಿದೆಯಲ್ಲ ಎಂದು ಒಂದರ ಮೇಲೊಂದು ಕೇಳಿದರು. ಉಂಡ ಮನೆಯ ಗಳ ಎಣಿಸುವವಳು ಎಂದೂ ಅಂದರು. ಅನ್ನುವಾಗಲೇ ಅವರಿಗೆ ಅದು ಹೆಚ್ಚಾಯಿತೆನ್ನಿಸಿತು, ಆದರೆ ಬಾಯಿಂದ ಬಿದ್ದಾಗಿತ್ತು.

ಇರುವೆ ಆಗ ಮುಖ ಎತ್ತಿದಳು.

"ನಿಮ್ಮಿಂದ್ಲೇ ಕಲಿತೆ. ದಿಂಬಿನ ಕಾಗದದಲ್ಲಿ ಮಗು ಎದ್ದು ಹಾಲು ಕೇಳ್ತು ಅಂತ ಬರೆದಿದ್ದೀರಿ."

ಮೇಷ್ಟ್ರು ಲಕೋಟೆಯನ್ನು ತಮ್ಮತ್ತ ಎಳೆದುಕೊಂಡರು.

"ಅದು ಏಳ್ಲಿಲ್ಲ. ಅಮ್ಮ ನನಗೆ ಹೇಳಿದ್ರು."

ಆ ಮಗುವಿನ ಮಾತು ಆ ಮನೆಯಲ್ಲಿ ನಿಂತು ಇಪ್ಪತ್ತೇಳು ವರ್ಷವಾಗಿತ್ತು. ಎರಡು ವರ್ಷ ಎಂಟು ತಿಂಗಳ ಹೆಣ್ಣು ಮಗು. ಮೂರು ದಿನ ಜ್ವರದಲ್ಲಿ ಅದರ ಕೆನ್ನೆ ತಾಯಿಯ ಅಂಗೈ ಮೇಲಿತ್ತು. ಮೂರನೆಯ ದಿನ ಬೆಳಿಗ್ಗೆ ಕೈ ತೆಗೆಯಲು ಅವಳು ಒಪ್ಪಿರಲಿಲ್ಲ, ನೆರೆಯವರು ಬಂದು ಬಿಡಿಸಬೇಕಾಯಿತು. ಮಾರನೆಯ ವರ್ಷ ಮೇಷ್ಟ್ರು ದಿಂಬಿನ ಕಾಗದ ಬರೆದರು. ಆಗಲೂ ರೂಢಿಯಂತೆ ಮನೆಯಲ್ಲಿ ಹೇಳಿರಲಿಲ್ಲ. ಕಾಗದ ಅಂಚೆಯಲ್ಲಿ ಬಂತು, ಅವಳು ಚಾಕುವಿನಿಂದ ಸೀಳಿ ಓದಿದಳು. ಸಂಜೆ ಅವರು ಚಪ್ಪಲಿ ಬಿಡುತ್ತ ಹೇಗಿದೆ ಎಂದು ಕೇಳಿದರು. ಅವಳು "ಹೋಗುತ್ತೆ" ಎಂದು ಒಳಗೆ ಹೋದಳು. ಅಷ್ಟೇ ಆದದ್ದು. ಅವಳಿಗೆ ಅದು ಒಪ್ಪಿತವೆಂದೇ ಅವರು ಇಷ್ಟು ವರ್ಷ ತಿಳಿದಿದ್ದರು.

"ಯಾವಾಗ ಹೇಳಿದ್ಲು?" ಎಂದು ಕೇಳಿದರು.

ಕಾಯಿಲೆ ಶುರುವಾದ ಹೊಸದರಲ್ಲಿ ಎಂದಳು ಇರುವೆ. ಮೇಷ್ಟ್ರು ಔಷಧಿ ತರಲು ಹೋಗಿದ್ದ ಹೊತ್ತು. ದಿಂಬಿನ ಕಾಗದ ತನಗೆ ಬಾಯಿಪಾಠ ಎಂದು ಇರುವೆ ಜಂಬದಿಂದ ಹೇಳಿ ಒಪ್ಪಿಸಿದ್ದಳು. ಅಮ್ಮ ಪೂರ್ತಿ ಕೇಳಿಸಿಕೊಂಡು, ಆಮೇಲೆ ಮಗುವಿನ ವಿಷಯ ಹೇಳಿ, ಅವರಿಗೆ ಹೇಳಬೇಡ ಎಂದು ಮಾತು ತೆಗೆದುಕೊಂಡಿದ್ದಳು. ಆ ಮಾತನ್ನು ಇವತ್ತಿನವರೆಗೂ ಇಟ್ಟುಕೊಂಡಿದ್ದೆ ಎಂದು ಇರುವೆ ಹೇಳಿದಳು.

"ಇನ್ನೇನಂದ್ಲು?"

"ಅಷ್ಟೇ."

"ಇರುವೆ."

ಅವಳು ಡ್ರಾಯರಿನ ಹಿಡಿಕೆ ನೋಡುತ್ತ ಹೇಳಿದಳು. "ಕಾಗದ ತುಂಬ ಚೆನ್ನಾಗಿತ್ತು ಕಣೇ, ಅದಕ್ಕೇ ಜಗಳ ಆಡೋಕಾಗ್ಲಿಲ್ಲ, ಅಂದ್ರು."

ಮೇಷ್ಟ್ರು ಎದ್ದರು. ಇರುವೆ ಡ್ರಾಯರಿನಿಂದ ಒಂದು ಅಚ್ಚಿನ ಹಾಳೆ ತೆಗೆದಳು. ಸೋಮವಾರ ಮುದ್ರಣಕ್ಕೆ ಹೋಗಬೇಕಾದ ಅದೇ ಕಾಗದ, ತಿದ್ದುವುದಕ್ಕೆಂದು ಅಂಚಿನಲ್ಲಿ ಅಗಲ ಜಾಗ ಬಿಟ್ಟದ್ದು. ಅದರ ಜೊತೆಗೆ ಕೆಂಪು ಪೆನ್ಸಿಲ್ಲನ್ನೂ ಅವರ ಕೈಗೆ ಕೊಟ್ಟಳು. ನೀವು ಹೇಗೆ ತಿದ್ದುತ್ತೀರೋ ಹಾಗೆ ಹೋಗುತ್ತದೆ, ಬೇಡ ಎಂದರೆ ಹೋಗುವುದಿಲ್ಲ, ಯಜಮಾನರಿಗೆ ನಾನೇ ಹೇಳಿಕೊಳ್ಳುತ್ತೇನೆ, ಸಂಜೆ ನಾಲ್ಕಕ್ಕೆ ಮನೆಗೆ ಬಂದು ಒಯ್ಯುತ್ತೇನೆ ಎಂದಳು. ಬಾಗಿಲವರೆಗೆ ಬಂದು, ಅಮ್ಮನ ಹೆಸರನ್ನು ಪಟ್ಟಿಯಿಂದ ತೆಗೆಸಲೇ ಎಂದು ಕೇಳಿದಳು. ಅವರು ಉತ್ತರ ಹೇಳದೆ ಇಳಿದರು.

ಮನೆಗೆ ಬಂದವರೇ ಊಟದ ಮೇಜಿನ ಮೇಲೆ ಹಾಳೆ ಹರಡಿ ನಿಂತಲ್ಲೇ ಓದಿದರು. ಬರೆದವಳು ಅವರ ಕೈಕೆಳಗೆ ಕಲಿತವಳು. ಎಲ್ಲೂ ನಾಲಿಗೆ ಎಡವಲಿಲ್ಲ. 'ಕಿಟಕಿ ಮೂರೇ ಮೊಳ ದೂರದಲ್ಲಿತ್ತು' ಎಂಬಲ್ಲಿಗೆ ಬಂದಾಗ ಎತ್ತಿ ಹಿಡಿದಿದ್ದ ಅವರ ಎದೆಯಲ್ಲೇ, ಅಯ್ಯೋ ಎತ್ತಲಿಲ್ಲವಲ್ಲ ಎಂಬ ನೋವು ಎದ್ದಿತು. ಈ ಕಾಗದ ನಲವತ್ತು ಸಾವಿರ ಮನೆಗೆ ಹೋದರೆ, ಇನ್ನು ಸ್ವಲ್ಪ ದಿನಕ್ಕೆ ತಮಗೂ ಇದೇ ನೆನಪಾಗಿ ಉಳಿಯುತ್ತದೆಂದು ಅವರಿಗೆ ಹೆದರಿಕೆಯಾಯಿತು. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಕೆಂಪು ಪೆನ್ಸಿಲಿನಿಂದ ಒಂದೇ ಗೆರೆ ಎಳೆದರು. ಪೆನ್ಸಿಲಿನ ಮೊನೆ ಮುರಿಯಿತು. ಹನ್ನೊಂದು ಜನರ ಮುಖ ಕಣ್ಣ ಮುಂದೆ ಬಂತು, ಪಟ್ಟಿಯವನ ಹೊಟ್ಟೆಯೂ. ದೇವರು ಅವರಿಗೆ ಬೇರೆ ದಾರಿ ತೋರಲಿ ಎಂದುಕೊಂಡರು. ಗೆರೆಯನ್ನು ಅಳಿಸಲಿಲ್ಲ.

ಆದರೂ ನಿಲ್ಲಲಾಗಲಿಲ್ಲ. ದಿಂಬಿನ ಕಾಗದ ಬೇರೆ, ಇದು ಬೇರೆ ಎಂದು ಅವರ ಮನಸ್ಸು ವಾದ ಹೂಡುತ್ತಲೇ ಇತ್ತು. ಅದು ತನ್ನ ಮಗು, ತನ್ನ ದುಃಖ. ಇನ್ನೊಬ್ಬರ ಮನೆಯಿಂದ ತಂದದ್ದಲ್ಲ. ಬಾಯಿಪಾಠವಿದ್ದರೂ ಆ ಕಾಗದವನ್ನು ಇನ್ನೊಮ್ಮೆ ಕಣ್ಣಾರೆ ನೋಡಬೇಕೆನ್ನಿಸಿತು. ಆಫೀಸಿನಲ್ಲಿ ಪಾಠಕ್ಕೆ ಬಳಸುತ್ತಿದ್ದದ್ದು ನಕಲು. ಅಂಚೆಯಲ್ಲಿ ಬಂದ ಅಸಲು ಹೆಂಡತಿಯ ತಗಡಿನ ಪೆಟ್ಟಿಗೆಯಲ್ಲಿರಬೇಕು. ಬಂದ ಕಾಗದಗಳನ್ನೆಲ್ಲ ಅವಳು ಅದರಲ್ಲಿಡುತ್ತಿದ್ದದ್ದು ಅವರಿಗೆ ಗೊತ್ತಿತ್ತು. ಎಂಟು ತಿಂಗಳಿಂದ ಅದನ್ನು ತೆರೆಯಲು ಕೈ ಬಂದಿರಲಿಲ್ಲ.

ಪೆಟ್ಟಿಗೆ ಅವಳ ಮಂಚದ ಕೆಳಗಿತ್ತು. ಮೊಣಕಾಲೂರಿ ಎಳೆದು, ಮಂಚದ ಮೇಲೆ, ಅವಳ ಜಾಗದ ಪಕ್ಕದಲ್ಲಿ ಕುಳಿತು ತೆರೆದರು. ಇಸವಿಯ ಪ್ರಕಾರ ಕಟ್ಟು ಕಟ್ಟಿ, ಪ್ರತಿ ಕಟ್ಟಿಗೂ ದಾರ ಸುತ್ತಿ ಇಟ್ಟಿದ್ದಳು. ಎಲ್ಲ ಲಕೋಟೆಗಳೂ ನೇರವಾಗಿ ಸೀಳಿದವು, ಒಳಗಿನ ಕಾಗದಗಳು ಒಂದು ಸಲ ಓದಿ ಮಡಿಸಿಟ್ಟ ಹಾಗೆ ಗರಿಗರಿಯಾಗಿದ್ದವು. ಊಟ ಮಾಡದೆ ಬರೆದವುಗಳ ಮೂಲೆಯಲ್ಲಿ ಸಣ್ಣದೊಂದು ಸೊನ್ನೆ ಹಾಕಿದ್ದಳು. ಅದನ್ನು ನೋಡಿ ಅವರಿಗೆ ನಗು ಬಂತು.

ದಿಂಬಿನ ಕಾಗದ ಯಾವ ಕಟ್ಟಿನಲ್ಲೂ ಇರಲಿಲ್ಲ. ಎಲ್ಲಕ್ಕಿಂತ ಕೆಳಗೆ, ಒಂದು ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ಇಟ್ಟಿತ್ತು. ಬಟ್ಟೆ ಬಿಡಿಸಿದಾಗ ಮೊದಲು ಅದು ಕಾಗದವೆಂದೇ ಅವರಿಗೆ ಗೊತ್ತಾಗಲಿಲ್ಲ. ಬಿಚ್ಚಿ ಮಡಿಸಿ, ಬಿಚ್ಚಿ ಮಡಿಸಿ ಹಾಳೆ ಹಳೆಯ ಅರಿವೆಯಂತೆ ಮೆತ್ತಗಾಗಿತ್ತು. ಮಡಿಕೆಗಳು ಹರಿದು ನಾಲ್ಕು ತುಂಡಾಗುವುದರಲ್ಲಿತ್ತು. ಹಿಂದಿನಿಂದ ಎರಡು ಕಡೆ ತೆಳುವಾದ ಕಾಗದ ಅಂಟಿಸಿ, ಆ ಅಂಟೂ ಹಳೆಯದಾಗಿ ಬಿಟ್ಟುಕೊಂಡಿತ್ತು. ಕೈಯಲ್ಲಿ ಎತ್ತಿ ಹಿಡಿದರೆ ಉಳಿಯುವಂತಿರಲಿಲ್ಲ. ಅವರು ಎಡಗೈಯ ಅಂಗೈಯನ್ನು ಬಿಡಿಸಿ, ಹಾಳೆಯನ್ನು ಅದರ ಮೇಲೆ ಮೆಲ್ಲನೆ ಸರಿಸಿಕೊಂಡರು.

ಆ ಕಾಲದಲ್ಲಿ ಕಾಗದಗಳನ್ನು ಸೈಕ್ಲೋಸ್ಟೈಲ್ ಮಾಡುತ್ತಿದ್ದರು. ಮಸಿ ಉಜ್ಜಿದರೆ ಬಿಡುವಂಥದು. ಮೊದಲ ಸಾಲು ಇತ್ತು. ತಾಯಿಯ ಅಂಗೈ ಇತ್ತು. 'ಕೈ ಜೋಮು ಹಿಡಿದರೂ ಅವಳು ಕದಲಲಿಲ್ಲ' ಎಂಬುದು ಪೂರ್ತಿ ಇತ್ತು. ದಿಂಬಿನ ಅಳತೆ, ಅರಳೆಯ ವಿವರ, ಸಹಿ, ತಾಜಾ ಕಲಂ ಎಲ್ಲ ಮೊನ್ನೆ ಬರೆದಂತೆ ಕಪ್ಪಗಿತ್ತು. ನಡುವಿನ ಒಂದು ಸಾಲು ಮಾತ್ರ ಇರಲಿಲ್ಲ. ಅಲ್ಲಿ ಹಾಳೆ ಬೆಳ್ಳಗೆ ಸವೆದು, ಎದುರಿನ ಬೆಳಕು ಹಾಯುವಷ್ಟು ತೆಳುವಾಗಿತ್ತು. ಒಂದು ಬೆರಳಿನ ತುದಿಯ ಅಗಲ, ಎಡದಿಂದ ಬಲಕ್ಕೆ. ಅಲ್ಲಿ ಏನಿತ್ತೆಂದು ಅವರಿಗೆ ಬಾಯಲ್ಲೇ ಇತ್ತು. 'ಮೂರನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತು, ಮಗು ಎದ್ದು ಹಾಲು ಕೇಳಿತು.'

ಬಾಗಿಲಲ್ಲಿ ಸದ್ದಾಯಿತು. ನಾಲ್ಕಾಗಿತ್ತು. ಇರುವೆ ಹೊರಗಿನಿಂದ ಒಮ್ಮೆ "ಮೇಷ್ಟ್ರೇ" ಎಂದಳು. ಬಾಗಿಲು ತೆರೆದೇ ಇತ್ತು. ಒಳಗೆ ಬಂದು ಊಟದ ಮೇಜಿನ ಬಳಿ ಅವಳ ಹೆಜ್ಜೆ ನಿಂತಿತು. ಕೆಂಪು ಗೆರೆ ಕಂಡಿರಬೇಕು. ಹಾಳೆ ಮಡಿಸುವ ಸದ್ದು ಕೇಳಿಸಿತು. ಆಮೇಲೆ ಅವಳು ಕೋಣೆಯ ಬಾಗಿಲಿಗೆ ಬಂದು ನಿಂತಳು. ಅವಳ ಒಂದು ಕೈಯಲ್ಲಿ ಮಡಿಸಿದ ಹಾಳೆ, ಇನ್ನೊಂದರಲ್ಲಿ ಹಣ್ಣಿನ ಚೀಲವಿತ್ತು.

ಮೇಷ್ಟ್ರು ತಿರುಗಿ ನೋಡಲಿಲ್ಲ. ಅಂಗೈಯ ಮೇಲಿನದು ಅವಳಿಗೆ ಕಾಣದಂತೆ ಭುಜವನ್ನು ಸ್ವಲ್ಪ ಆಚೆ ತಿರುಗಿಸಿಕೊಂಡರು.

"ಹೆಸರು ಪಟ್ಟಿಯಲ್ಲೇ ಇರ್ಲಿ" ಎಂದರು.

ಅವಳು ಹೂಂ ಎಂದದ್ದು ಸರಿಯಾಗಿ ಕೇಳಿಸಲಿಲ್ಲ. ಚೀಲವನ್ನು ಹೊಸಲ ಒಳಗಿಟ್ಟು ಹೋದಳು. ಗೇಟಿನ ಚಿಲಕ ಬಿತ್ತು, ಚುರುಚುರು ಹೆಜ್ಜೆ ಗೋಡೆಯಂಚಿಗೆ ದೂರವಾಯಿತು.

ಕಿಟಕಿಯಾಚೆ ಎದುರು ಮನೆಯವಳು ಬಟ್ಟೆ ತೆಗೆಯುತ್ತಿದ್ದಳು. ಮೋಡವೇನೂ ಇರಲಿಲ್ಲ. ಒಂದೊಂದನ್ನೇ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ ಅವಳು ತಂತಿಯ ಆ ತುದಿಗೆ ಹೋಗುವವರೆಗೂ ಮೇಷ್ಟ್ರು ನೋಡಿದರು. ಅಷ್ಟು ಹೊತ್ತಿಗೆ ಎಡಗೈ ಬೆರಳ ತುದಿಯಿಂದ ಜೋಮು ಹಿಡಿಯುತ್ತ ಮೇಲಕ್ಕೆ ಬರುತ್ತಿತ್ತು. ಅವರು ಬಲಗೈಯನ್ನು ತಂದು ಅದರ ಕೆಳಗೆ ಆನಿಸಿಕೊಂಡು ಹಾಗೆಯೇ ಕುಳಿತರು.